ಅಗ್ಗದ ರಿಸ್ಕ್-ಫೈವ್ ಚಿಪ್ ಆರಿಸುವುದು ಹೇಗೆ? ಮೊದಲು ಪಿನ್ ಎಣಿಸಿ, ವೇಗ ಆಮೇಲೆ ನೋಡಿ

ಫ್ಯಾನಿನ ವೇಗ ಹೆಚ್ಚು ಕಡಿಮೆ ಮಾಡಬೇಕು, ಬಿಸಿ ಅಳೆಯಬೇಕು, ಆ ಲೆಕ್ಕವನ್ನು ಕಂಪ್ಯೂಟರಿಗೆ ಕಳಿಸಬೇಕು ಅಂದುಕೊಳ್ಳಿ. ಇಷ್ಟಕ್ಕೆ ದೊಡ್ಡ ಪ್ರೊಸೆಸರ್ ಯಾಕೆ ಬೇಕು, ಅಲ್ವಾ? ಸಿಎಚ್32ವಿ003 ಥರದ ಪುಟ್ಟ ಚಿಪ್ ಸಾಕು. ಇದು ರಿಸ್ಕ್-ಫೈವ್ (RISC-V, ಯಾರು ಬೇಕಾದರೂ ಬಳಸಬಹುದಾದ ಪ್ರೊಸೆಸರ್ ಆದೇಶಗಳ ಪಟ್ಟಿ) ಕುಟುಂಬದ್ದು, 32 ಬಿಟ್, 48 ಮೆಗಾಹರ್ಟ್ಸ್. ಹೊತ್ತು ಎಣಿಸುವ ಟೈಮರ್, ವೋಲ್ಟೇಜನ್ನು ಅಂಕಿ ಮಾಡುವ ಎಡಿಸಿ, ಕಂಪ್ಯೂಟರಿನ ಜೊತೆ ತಂತಿಯಲ್ಲಿ ಮಾತಾಡುವ ಯುಎಆರ್‌ಟಿ ಎಲ್ಲ ಒಳಗೇ ಇವೆ.

ಡೇಟಾಶೀಟ್ (ಚಿಪ್ಪಿನ ವಿವರದ ಪುಸ್ತಿಕೆ) ತೆರೆದ ತಕ್ಷಣ ಎಲ್ಲರ ಕಣ್ಣು ಮೆಗಾಹರ್ಟ್ಸ್ ಮೇಲೆ ಬೀಳುತ್ತದೆ. ಅದನ್ನು ಬಿಟ್ಟು ಪಿನ್ ಪಟ್ಟಿಗೆ ಹೋಗಿ. ಒಂದೇ ಪಿನ್ನಿಗೆ ಮೂರ್ನಾಲ್ಕು ಕೆಲಸ ಇರುತ್ತದೆ, ಆದರೆ ಒಂದು ಹೊತ್ತಿಗೆ ಒಂದೇ ಮಾಡುತ್ತದೆ. ನಿಮಗೆ ಬೇಕಾದ ಎರಡು ಕೆಲಸ ಒಂದೇ ಪಿನ್ನಿಗೆ ಬಿದ್ದರೆ ಎಷ್ಟು ವೇಗ ಇದ್ದರೂ ಪ್ರಯೋಜನವಿಲ್ಲ. ಇದೇ ಚಿಪ್ಪಿನ 8 ಪಿನ್ ಮಾದರಿ ನೋಡಿ: ಪ್ರೋಗ್ರಾಂ ತುಂಬುವ ತಂತಿಯೂ ಯುಎಆರ್‌ಟಿ ಕಳಿಸುವ ತಂತಿಯೂ ಎಂಟನೇ ಪಿನ್ನಿನಲ್ಲೇ ಸೇರಿವೆ. ಕೋಡ್ ಶುರುವಾದ ಕೂಡಲೇ ಆ ಪಿನ್ ಯುಎಆರ್‌ಟಿಗೆ ಹೋಗಿಬಿಟ್ಟರೆ ಹೊಸ ಪ್ರೋಗ್ರಾಂ ತುಂಬುವುದು ಕಷ್ಟ. ಮೊದಲ ಸಾಲಿನಲ್ಲೇ ಎರಡು ಮೂರು ಸೆಕೆಂಡ್ ಕಾಯುವಂತೆ ಬರೆದರೆ ದಾರಿ ಉಳಿಯುತ್ತದೆ. ಕಲಿಯುವವರು 20 ಪಿನ್ನಿನದನ್ನೇ ತೆಗೆದುಕೊಳ್ಳಿ, ಸುಮ್ನೆ ಒದ್ದಾಡುವುದು ಬೇಡ.

ಪಿನ್ ಹೊಂದಿತು ಅಂದರೆ ಮೆಮೊರಿ. ಪ್ರೋಗ್ರಾಂ ಕೂರುವ ಫ್ಲ್ಯಾಶ್ 16 ಕಿಲೋಬೈಟ್, ರ್‍ಯಾಮ್ 2 ಕಿಲೋಬೈಟ್ ಅಷ್ಟೇ. ಮಾಹಿತಿಯನ್ನು ತಾತ್ಕಾಲಿಕವಾಗಿ ಇಡಲು 512 ಬೈಟಿನ ಒಂದು ಬಫರ್ ಇಟ್ಟರೆ ಕಾಲು ಭಾಗ ರ್‍ಯಾಮ್ ಹೋಯಿತು. ಇನ್ನೊಂದು ವಿಷಯ: ಗುಣಾಕಾರಕ್ಕೆ ಇದರಲ್ಲಿ ಪ್ರತ್ಯೇಕ ಹಾರ್ಡ್‌ವೇರ್ ಇಲ್ಲ, ಭಾಗಾಕಾರಕ್ಕೂ ಇಲ್ಲ. ಹಾಗಾಗಿ ಸೆನ್ಸರ್ ಅಳತೆಯ ಸರಾಸರಿಗೆ 10 ಸಲ ಓದುವ ಬದಲು 8 ಸಲ ಓದಿ, ಆಗ ಬಿಟ್‌ಗಳನ್ನು ಬಲಕ್ಕೆ ಮೂರು ಮನೆ ಸರಿಸಿದರೆ ಭಾಗಾಕಾರ ಮುಗಿಯುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ, ಟೈಮರ್. ನಾಲ್ಕು ತಂತಿಯ ಕಂಪ್ಯೂಟರ್ ಫ್ಯಾನಿಗೆ 25 ಕಿಲೋಹರ್ಟ್ಸ್ ಪಿಡಬ್ಲ್ಯುಎಂ ಬೇಕು, ಅಂದರೆ ಪಿನ್ ಸೆಕೆಂಡಿಗೆ 25,000 ಸಲ ಆನ್ ಆಫ್ ಆಗಬೇಕು; ಎಷ್ಟು ಹೊತ್ತು ಆನ್ ಇರುತ್ತದೆ ಅನ್ನುವುದರ ಮೇಲೆ ಫ್ಯಾನಿನ ವೇಗ. ಚಿಪ್ಪಿನ 48 ಮೆಗಾಹರ್ಟ್ಸ್, ಅಂದರೆ 48,000,000 ಅನ್ನು 25,000ದಿಂದ ಭಾಗಿಸಿ, 1920 ಬರುತ್ತದೆ. ಟೈಮರ್ 0ಯಿಂದ 1919ರವರೆಗೆ ಎಣಿಸಲಿ. ಹೋಲಿಕೆ ರಿಜಿಸ್ಟರಿನಲ್ಲಿ (ಎಣಿಕೆಯ ಜೊತೆ ಹೋಲಿಸುವ ಅಂಕಿ ಇಡುವ ಜಾಗ) 480 ಬರೆದರೆ ಪಿನ್ ಕಾಲು ಭಾಗ ಹೊತ್ತು ಆನ್ ಇರುತ್ತದೆ, 960 ಬರೆದರೆ ಅರ್ಧ. ಒಮ್ಮೆ ಬರೆದ ಮೇಲೆ ಪ್ರೊಸೆಸರ್ ಆ ಕಡೆ ತಿರುಗಿಯೂ ನೋಡಬೇಕಾಗಿಲ್ಲ. ಅಗ್ಗದ ಚಿಪ್ಪಿನಲ್ಲಿ ಇಷ್ಟೊಂದು ಕೆಲಸ ಆಗುವುದು ಇದರಿಂದಲೇ, ಮೆಗಾಹರ್ಟ್ಸಿನಿಂದಲ್ಲ.

ಯುಎಆರ್‌ಟಿ ಲೆಕ್ಕವೂ ಹೀಗೇ. ಸೆಕೆಂಡಿಗೆ 115200 ಬಿಟ್ ವೇಗ ಬೇಕಾದರೆ 48,000,000 ಅನ್ನು ಅದರಿಂದ ಭಾಗಿಸಿ, ಭಾಜಕ 416.67, ಅಂದರೆ 417 ಹಾಕಿ. ತಪ್ಪು ಶೇ 0.1ಕ್ಕಿಂತ ಕಡಿಮೆ, ಚಿಂತೆಯಿಲ್ಲ.

ಕೋಡ್ ಬರೆಯುವಾಗ ಕ್ರಮ ತಪ್ಪಬಾರದು. ಚಿಪ್ ಆನ್ ಆದಾಗ ಟೈಮರಿಗೂ ಯುಎಆರ್‌ಟಿಗೂ ಕ್ಲಾಕ್ (ಅವುಗಳನ್ನು ನಡೆಸುವ ಮಿಡಿತ) ಸಿಗುತ್ತಿರುವುದಿಲ್ಲ, ವಿದ್ಯುತ್ ಉಳಿಸಲು ಅದನ್ನು ನಿಲ್ಲಿಸಿರುತ್ತಾರೆ. ಮೊದಲು ಕ್ಲಾಕ್ ಕೊಡಿ, ಆಮೇಲೆ ಪಿನ್ನಿನ ಕೆಲಸ ನಿಗದಿ ಮಾಡಿ, ಆಮೇಲೆ ಲೆಕ್ಕದ ಅಂಕಿಗಳನ್ನು ಬರೆಯಿರಿ, ಕೊನೆಗೆ ಚಾಲೂ ಮಾಡಿ. ಕ್ಲಾಕ್ ಕೊಡದೆ ರಿಜಿಸ್ಟರಿಗೆ ಏನು ಬರೆದರೂ ಅದು ಉಳಿಯುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ. ಪಿನ್ ಸತ್ತಂತೆ ಕೂತಿದ್ದರೆ ಬೇರೆಲ್ಲ ಬಿಟ್ಟು ಕ್ಲಾಕ್ ಕೊಡುವ ಆ ಒಂದು ಸಾಲನ್ನೇ ಮೊದಲು ಹುಡುಕಿ.