ಕೊಡಗಿನ ಮಳೆಯಲ್ಲಿ ಪೆಟ್ರೋಲ್ ಬಂಕ್: ನನ್ನ ಅನುಭವ

ಗೋಣಿಕೊಪ್ಪದ ಕಡೆ ನನ್ನದೊಂದು ಪೆಟ್ರೋಲ್ ಬಂಕ್ ಇದೆ. ಹಿಂದೆ ತೋಡು (ಸಣ್ಣ ಹಳ್ಳ), ತೋಡಿನಾಚೆ ಗದ್ದೆ, ಗದ್ದೆಯ ಅಂಚಿನಲ್ಲಿ ಮನೆಗಳು. ಕುಡಿಯೋದಕ್ಕೆ ಎಲ್ಲರಿಗೂ ಬಾವಿ ನೀರೇ. ತೋಡಿನ ನೀರು ಲಕ್ಷ್ಮಣತೀರ್ಥ ನದಿ ಸೇರಿ ಕನ್ನಂಬಾಡಿ ಕಟ್ಟೆವರೆಗೂ ಹೋಗುತ್ತದೆ. ತೈಲದ ಮಾಲಿನ್ಯ ಅಂದರೆ ಹೆಚ್ಚಿನವರಿಗೆ ನೆನಪಾಗೋದು ಸಮುದ್ರ, ರಿಫೈನರಿ. ಆದರೆ ಜನರ ಬಾವಿಗೆ ತೈಲ ತೀರಾ ಹತ್ತಿರ ಬರೋದು ನಮ್ಮಂಥ ಬಂಕುಗಳಲ್ಲಿ.

ನಾನು ಮೊದಲು ಕೈ ಹಾಕಿದ್ದು ಮಳೆನೀರಿಗೆ. ಬಂಕಿನ ಚರಂಡಿಯ ಕೊನೆಗೆ ಎಣ್ಣೆ ಮತ್ತು ನೀರನ್ನು ಬೇರೆ ಮಾಡುವ ಮೂರು ಕೋಣೆಯ ತೊಟ್ಟಿ ಇದೆ. ಎಣ್ಣೆ ಮೇಲೆ ತೇಲುತ್ತದೆ, ನೀರು ತಳದ ಪೈಪಿನಿಂದ ಮುಂದಿನ ಕೋಣೆಗೆ ಹೋಗುತ್ತದೆ. ನೀರು ನಿಧಾನವಾಗಿ ಬಂದರೆ ಮಾತ್ರ ಇದು ಸರಿಯಾಗಿ ಕೆಲಸ ಮಾಡುತ್ತದೆ. ಕಕ್ಕಡದ, ಅಂದರೆ ಜುಲೈ-ಆಗಸ್ಟಿನ ಮಳೆಗೆ ನಿಧಾನ ಎಲ್ಲಿಂದ ಬರಬೇಕು? ನುಗ್ಗಿ ಬಂದ ನೀರು ತೇಲುವ ಎಣ್ಣೆಯನ್ನೂ ಎಳೆದುಕೊಂಡು ತೋಡಿಗೆ ಹೋಗುತ್ತದೆ. ತೊಟ್ಟಿ ದೊಡ್ಡದು ಮಾಡಿಸಿ ಅಂದರು ಮೇಸ್ತ್ರಿ. ಅದರ ಬದಲು ಒಳಗೆ ಬರುವ ನೀರನ್ನೇ ಕಡಿಮೆ ಮಾಡೋಣ ಅಂದೆ. ಚಾವಣಿಯ ನೀರಿಗೆ ಬೇರೆ ಪೈಪ್ ಹಾಕಿಸಿ ನೇರ ಹೊರಗೆ ಬಿಟ್ಟೆವು. ರಸ್ತೆಯ ನೀರು ಒಳಗೆ ಬರದ ಹಾಗೆ ಪ್ರವೇಶದ ಹತ್ತಿರ ಕಾಂಕ್ರೀಟಿನ ಸಣ್ಣ ಏರು ಮಾಡಿಸಿದೆವು. ಈಗ ತೊಟ್ಟಿಗೆ ಬರೋದು ಪಂಪುಗಳ ಸುತ್ತಲಿನ, ಟ್ಯಾಂಕರ್ ಇಳಿಸುವ ಜಾಗದ ನೀರು ಮಾತ್ರ.

ಸೋಪಿನ ಪುಡಿ ಹಾಕಿ ನೆಲ ತೊಳೆಯೋದನ್ನೂ ನಿಲ್ಲಿಸಿದೆವು. ಸೋಪು ಎಣ್ಣೆಯನ್ನು ಸಣ್ಣ ಸಣ್ಣ ಹನಿ ಮಾಡಿ ನೀರಿನಲ್ಲಿ ಬೆರೆಸಿಬಿಡುತ್ತದೆ, ಆಮೇಲೆ ತೊಟ್ಟಿಗೆ ಏನೂ ಸಿಗೋದಿಲ್ಲ. ಚೆಲ್ಲಿದರೆ ಒಣ ಮರಳು ಹಾಕಿ, ಬಳಿದು, ಮುಚ್ಚಳದ ಡ್ರಮ್ಮಿಗೆ ತುಂಬುತ್ತೇವೆ. ಕಾಫಿ ಹೊಟ್ಟು ಧಾರಾಳ ಸಿಗುತ್ತದಲ್ಲ, ಅದನ್ನೇ ಹಾಕಿ ಅಂತ ಕೆಲವರು ಹೇಳಿದರು. ಪೆಟ್ರೋಲಿನ ಹತ್ತಿರ ಹೊತ್ತಿಕೊಳ್ಳುವಂಥದ್ದು ಬೇಡ ಅಂದೆ.

ಆದರೆ ತೊಟ್ಟಿ ಹಿಡಿಯೋದು ತೇಲುವುದನ್ನು ಮಾತ್ರ. ಪೆಟ್ರೋಲಿನಲ್ಲಿ ಬೆಂಜೀನ್ ಅನ್ನೋ ಕ್ಯಾನ್ಸರ್ ತರುವ ರಾಸಾಯನಿಕ ಇದೆ. ಈಗ ಸಿಗುವ ಬಿಎಸ್-6 ದರ್ಜೆಯ ಪೆಟ್ರೋಲಿನಲ್ಲಿ ಅದು ಶೇ 1 ದಾಟಬಾರದು ಅಂತ ನಿಯಮ. ಅದರಲ್ಲಿ ಸ್ವಲ್ಪ ನೀರಿನಲ್ಲಿ ಕರಗುತ್ತದೆ, ಕರಗಿದ್ದು ತೊಟ್ಟಿ ದಾಟಿ ಹೋಗುತ್ತದೆ. ಕುಡಿಯುವ ನೀರಿನಲ್ಲಿ ಬೆಂಜೀನ್ ಲೀಟರಿಗೆ 10 ಮೈಕ್ರೋಗ್ರಾಂಗಿಂತ ಜಾಸ್ತಿ ಇರಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಗ್ರಾಮಿನ ಲಕ್ಷದಲ್ಲಿ ಒಂದು ಪಾಲು! ಹಾಗಾಗಿ ಚೆಲ್ಲದ ಹಾಗೆ ನೋಡಿಕೊಳ್ಳೋದೇ ನಿಜವಾದ ಕೆಲಸ. ನಾಜಲ್ ತಾನಾಗಿ ನಿಂತ ಮೇಲೆ "ಇನ್ನೊಂಚೂರು ಹಾಕಪ್ಪ" ಅಂದರೂ ನಮ್ಮ ಹುಡುಗರು ಹಾಕೋದಿಲ್ಲ. ದಿನವಿಡೀ ಆ ಆವಿ ಉಸಿರಾಡೋದು ಅವರೇ ಅಲ್ವಾ?

ಪಕ್ಕದ ಮನೆಗಳ ಬಾವಿ ನೀರನ್ನು ನಮ್ಮ ಖರ್ಚಿನಲ್ಲಿ ಮಳೆಗಾಲಕ್ಕೆ ಮೊದಲು ಮತ್ತು ಆಮೇಲೆ ಮೈಸೂರಿನ ಲ್ಯಾಬಿಗೆ ಕಳಿಸುತ್ತೇವೆ. ವರದಿ ಮೊದಲು ಹೋಗೋದು ಆ ಮನೆಯವರ ಕೈಗೆ. ಮೊದಲ ಸಲ ಕೇಳಿದಾಗ ಹಿಂದಿನ ಮನೆಯ ಅಕ್ಕ, "ನಮ್ಮ ಬಾವಿಗೆ ಏನಾದ್ರೂ ಆಗಿದೆಯಾ, ಅದಕ್ಕೇ ಕೇಳ್ತಾ ಇದ್ದೀರಾ?" ಅಂದರು. ಅವರು ಹಾಗೆ ಕೇಳಿದ್ದು ಸರಿಯೇ. ಕೂತು ಎಲ್ಲಾ ವಿವರಿಸಿದೆ. ಈಗ ಲ್ಯಾಬಿನ ಬಾಟಲಿಗೆ ನೀರು ತುಂಬಿಸಿಕೊಡೋದು ಅವರೇ.

ನೆಲದೊಳಗಿನ ಟ್ಯಾಂಕಿನ ವಿಷಯಕ್ಕೆ ಬಂದರೆ, ಈಗ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ನೀರು ಸೇರಿದರೆ ಎಥೆನಾಲ್ ಅದರ ಜೊತೆ ಹೋಗಿ ತಳ ಸೇರುತ್ತದೆ. ಅದಕ್ಕೇ ಟ್ಯಾಂಕಿನ ಮಟ್ಟ ಅಳೆಯುವ ಡಿಪ್ ರಾಡಿಗೆ, ನೀರು ತಾಗಿದರೆ ಬಣ್ಣ ಬದಲಿಸುವ, ಎಥೆನಾಲ್ ಪೆಟ್ರೋಲಿಗೆಂದೇ ಇರುವ ಪೇಸ್ಟ್ ಹಚ್ಚಿ ಬೆಳಿಗ್ಗೆ ನೋಡುತ್ತೇವೆ. ಜೋರು ಮಳೆ ಇದ್ದರೆ ಸಂಜೆಯೂ. ಸ್ಟಾಕಿನ ಲೆಕ್ಕ ಒಂದೇ ದಿಕ್ಕಿಗೆ ಇಳಿಯುತ್ತಾ ಹೋದರೆ ಸೋರಿಕೆ ಅಂತಲೇ ಹಿಡಿದು ಮಾರಾಟ ನಿಲ್ಲಿಸಿ ಕಂಪನಿಗೆ ಫೋನ್ ಮಾಡಬೇಕು. ತಳದಿಂದ ತೆಗೆದ ನೀರನ್ನು ಎಲ್ಲೂ ಸುರಿಯೋ ಹಾಗಿಲ್ಲ.

ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ತಡವಾದರೆ ತೋಟದವರು ಸ್ಪ್ರಿಂಕ್ಲರ್ ಓಡಿಸೋಕೆ ಬ್ಯಾರಲ್‌ಗಟ್ಟಲೆ ಡೀಸೆಲ್ ಒಯ್ಯುತ್ತಾರೆ. ಮೋಟಾರ್ ಇರೋದು ಕೆರೆಯ ಅಂಚಿನಲ್ಲಿ. ರಾತ್ರಿ ಟಾರ್ಚ್ ಬೆಳಕಿನಲ್ಲಿ ಕ್ಯಾನಿಂದ ಸುರಿದರೆ ಎಷ್ಟು ಕೆರೆಗೆ ಹೋಗುತ್ತೆ ಹೇಳಿ! ಅದಕ್ಕೇ ವೆಲ್ಡಿಂಗ್ ಶಾಪಿನಲ್ಲಿ ಅಂಚು ಎತ್ತರದ ತಗಡಿನ ಟ್ರೇ ಮಾಡಿಸಿ, ಮೋಟಾರಿನ ಅಡಿಗೆ ಇಡಿ ಅಂತ ಕೊಡುತ್ತಿದ್ದೇನೆ. ವಾಪಸ್ ಬರುವ ಟ್ರೇಗಳಲ್ಲಿ ಡೀಸೆಲ್ ಜಿಡ್ಡು ದಪ್ಪಗೆ ಅಂಟಿರುತ್ತದೆ.

ಹಳೇ ಎಂಜಿನ್ ಆಯಿಲ್ ಕೇಳಿಕೊಂಡು ಬರುವವರೂ ತೋಟದವರೇ. ಬೇಲಿ ಕಂಬಕ್ಕೆ ಹಚ್ಚಿದರೆ ಗೆದ್ದಲು ಹತ್ತೋದಿಲ್ಲ ಅಂತ. "ಸುಮ್ನೆ ಬಿದ್ದಿರೋದನ್ನ ಕೊಡಿ ಮಾರಾಯ್ರೆ" ಅಂತಾರೆ. ಹಾಗೆ ಕೊಡೋ ಹಾಗಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ಅದು ಪರವಾನಗಿ ಇರುವ ಮರುಬಳಕೆಯವರಿಗೇ ಹೋಗಬೇಕು. ಎಂಜಿನ್ ಸವೆದ ಲೋಹವೂ ಅದರಲ್ಲಿರುತ್ತದೆ, ಮಳೆಗೆ ಕಂಬದಿಂದ ಇಳಿದು ಗದ್ದೆ ಸೇರುತ್ತದೆ. ಒಂದೇ ಬ್ಯಾರಲ್‌ಗೆ ಮರುಬಳಕೆಯವರ ಗಾಡಿ ಇಷ್ಟು ದೂರ ಬರೋದಿಲ್ಲ. ಹಾಗಾಗಿ ಸುತ್ತಲಿನ ಗ್ಯಾರೇಜಿನವರನ್ನೂ ಸೇರಿಸಿಕೊಂಡೆ. ಎಲ್ಲರದ್ದೂ ಒಟ್ಟಾದ ಮೇಲೆ ಗಾಡಿ ಬರುತ್ತದೆ. ಸಿಗುವ ದುಡ್ಡನ್ನು ಕೊಟ್ಟ ಲೀಟರಿನ ಲೆಕ್ಕದಲ್ಲಿ ಹಂಚಿಕೊಳ್ಳುತ್ತೇವೆ, ನಮ್ಮ ಪಾಲು ಹುಡುಗರ ಗ್ಲೌಸು, ಬೂಟಿಗೆ ಹೋಗುತ್ತದೆ.