ಹ್ಯಾಂಡಲ್ ಬದಲಿಸೋ ಮುಂಚೆ ನಡುವಿನ ದಪ್ಪ ಅಳೀರಿ

ನಂದಿ ಬೆಟ್ಟ ಹತ್ತೋ ಚಿಕ್ಕಬಳ್ಳಾಪುರದ ಸೈಕಲ್ ಗೆಳೆಯರೇ, ಹೋದ ತಿಂಗಳು ನನ್ನ ಹಳೇ ಸೈಕಲ್‌ಗೆ ಬೇರೆ ಹ್ಯಾಂಡಲ್ ಹಾಕಿಸಿದ್ದೆ. ಬೆಟ್ಟ ಇಳಿಯುವಾಗ ತಿರುವಲ್ಲಿ ಬ್ರೇಕ್ ಹಿಡಿದ ತಕ್ಷಣ ಹ್ಯಾಂಡಲ್ ಮುಂದಕ್ಕೆ ಮಗುಚಿಕೊಳ್ತು. ಎದೆ ಝಲ್ಲಂತು. ಬಿಚ್ಚಿ ನೋಡಿದ್ರೆ, ಹ್ಯಾಂಡಲನ್ನ ನಡುವೆ ಕಚ್ಚಿ ಹಿಡಿಯೋ 26.0 ಮಿ.ಮೀ. ಸ್ಟೆಮ್‌ನಲ್ಲಿ 25.4ರ ಹ್ಯಾಂಡಲ್! ಸ್ಟೆಮ್ ಹಿಡಿದಿದ್ದ ಜಾಗದಲ್ಲಿ ಬಣ್ಣ ಉಜ್ಜಿ ಬೆಳ್ಳಗಾಗಿತ್ತು.

ಹಳೇ ಎಂಟಿಬಿಗಳಲ್ಲಿ (ಮೌಂಟನ್ ಬೈಕ್, ಅಂದ್ರೆ ಗುಡ್ಡಗಾಡಿನ ಸೈಕಲ್) ಸಾಮಾನ್ಯವಾಗಿ 25.4, ಹಳೇ ರೋಡ್ ಸೈಕಲ್‌ಗಳಲ್ಲಿ 26.0, ಈಗಿನ ಹೆಚ್ಚಿನವುಗಳಲ್ಲಿ 31.8, ಕೆಲವು ಹೊಸ ಎಂಟಿಬಿಗಳಲ್ಲಿ 35 ಇರುತ್ತೆ. ಅಳೆಯಬೇಕಾದ್ದು ಸ್ಟೆಮ್ ಹಿಡಿಯೋ ನಡುಭಾಗ. ಗ್ರಿಪ್ ಹಾಕೋ ತುದಿಯಲ್ಲ, ಅದು ಎಂಟಿಬಿಯಲ್ಲಿ 22.2 ಅಷ್ಟೇ.

ದಪ್ಪ ಅಳೆಯೋ ವರ್ನಿಯರ್ ಇಲ್ವಾ? ಕಾಗದದ ಪಟ್ಟಿ ಬಿಗಿಯಾಗಿ ಒಂದು ಸುತ್ತು ಸುತ್ತಿ, ಗುರುತು ಹಾಕಿ, ಸ್ಕೇಲಲ್ಲಿ ನೋಡಿ. ಹೆಚ್ಚುಕಮ್ಮಿ 10 ಸೆಂ.ಮೀ. ಬಂದ್ರೆ 31.8, 11 ಬಂದ್ರೆ 35. 8 ಸೆಂ.ಮೀ. ಆಸುಪಾಸು ಬಂದ್ರೆ ಮಾತ್ರ ಪಟ್ಟಿ ನಂಬಬೇಡಿ. 25.4ಕ್ಕೂ 26.0ಕ್ಕೂ ಸುತ್ತಳತೆಯಲ್ಲಿ 2 ಮಿ.ಮೀ. ಕೂಡ ಫರಕು ಬರಲ್ಲ. ಯಾವುದಾದ್ರೂ ಲೇತ್ ಅಂಗಡಿಗೆ ಹೋಗಿ ವರ್ನಿಯರ್ ಹಿಡಿಸಿ, ಎರಡು ನಿಮಿಷದ ಕೆಲಸ.

31.8ರ ಸ್ಟೆಮ್‌ಗೆ 25.4ರ ಹ್ಯಾಂಡಲ್ ಕೂರಿಸೋಕೆ ಅಂತಲೇ ಅಲ್ಯೂಮಿನಿಯಂ ಶಿಮ್ (ನಡುವಿನ ಸಂದು ತುಂಬೋ ಬಳೆ) ಸಿಗುತ್ತೆ, ಅದು ಸರಿ. ತಂಪು ಪಾನೀಯದ ಡಬ್ಬಿ ಕತ್ತರಿಸಿ ತುರುಕೋದು ದಯವಿಟ್ಟು ಬೇಡ. ನಾಲ್ಕು ಬೋಲ್ಟ್ ಇದ್ರೆ ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಎಷ್ಟು ನ್ಯೂಟನ್ ಮೀಟರ್ (ಬಿಗಿಯ ಅಳತೆ) ಅಂತ ಸ್ಟೆಮ್ ಮೇಲೇ ಬರೆದಿರುತ್ತೆ, ಸಾಮಾನ್ಯವಾಗಿ 5ರ ಹತ್ತಿರ.