ಹಗರಿಯ ಮರಳಿನಿಂದ ಘಟ್ಟದ ಏರಿನವರೆಗೆ: ಗೂಡ್ಸ್ ಗಾಡಿಯ ಚಿತ್ರ ತೆಗೆಯುವ ಬಗೆ

ರಾಯದುರ್ಗದ ಕಡೆಯವರಾದ ನಮಗೆ ಮರುಭೂಮಿಯನ್ನು ನೋಡಲು ದೂರ ಹೋಗಬೇಕಾಗಿಲ್ಲ. ಹಗರಿ ನದಿಯ ಮರಳನ್ನು ಗಾಳಿ ಹೊತ್ತು ತಂದು ಬೊಮ್ಮನಹಾಳ, ಕಣೇಕಲ್ ಸುತ್ತಿನ ಹೊಲಗಳ ಮೇಲೆ ದಿಬ್ಬಗಳಾಗಿ ಒಟ್ಟಿದೆ. ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆಯೂ 550 ಮಿಲಿಮೀಟರಿನ ಆಸುಪಾಸಿನಲ್ಲಿಯೇ ಇರುತ್ತದೆ. ಇಲ್ಲಿಂದ ಬಳ್ಳಾರಿ, ಹೊಸಪೇಟೆ, ಹುಬ್ಬಳ್ಳಿ, ಲೋಂಡಾಗಳ ಮೇಲೆ ಹೋದ ರೈಲು ಮಾರ್ಗ ಕ್ಯಾಸಲ್‌ರಾಕ್‌ನಲ್ಲಿ ಕಾಡಿನ ಘಟ್ಟವನ್ನು ಇಳಿಯತೊಡಗುತ್ತದೆ. ಈ ದಾರಿಯಲ್ಲಿ ಎರಡು ಮೂರು ದಿನ ಕ್ಯಾಮೆರಾ ಹಿಡಿದು ಸಾಗುವವರು ಒಂದು ಮಾತನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು: ಬಯಲಿನಲ್ಲಿ ತೋರಿಸಬೇಕಾದದ್ದು ಗಾಡಿಯ ಉದ್ದ, ಘಟ್ಟದಲ್ಲಿ ತೋರಿಸಬೇಕಾದದ್ದು ಅದರ ಭಾರ.

ಹಳಿಯ ಮೇಲೆ ಅಥವಾ ರೈಲ್ವೆಯ ಗಡಿಯೊಳಗೆ ಅನುಮತಿಯಿಲ್ಲದೆ ನಡೆಯುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಂತೆ ಅಪರಾಧ. ಸಾರ್ವಜನಿಕ ರಸ್ತೆ, ಒಡೆಯರ ಒಪ್ಪಿಗೆ ಪಡೆದ ಹೊಲದ ಬದು, ನದಿಯ ದಂಡೆ, ಇವಿಷ್ಟರಿಂದಲೇ ಒಳ್ಳೆಯ ಚಿತ್ರಗಳು ದೊರೆಯುತ್ತವೆ. ನಿಲ್ದಾಣದಲ್ಲಾದರೆ ಸ್ಟೇಷನ್ ಮಾಸ್ಟರರನ್ನು ಕೇಳಿಯೇ ಕ್ಯಾಮೆರಾ ಹೊರತೆಗೆಯಿರಿ. ಮೇಲಿನ ತಂತಿಯಲ್ಲಿ 25,000 ವೋಲ್ಟಿನ ವಿದ್ಯುತ್ ಹರಿಯುವುದರಿಂದ ಮೇಲ್ಸೇತುವೆಯ ಮೇಲೆ ಕೊಡೆಯನ್ನಾಗಲಿ ಉದ್ದನೆಯ ಕೋಲನ್ನಾಗಲಿ ಎತ್ತಕೂಡದು.

ಗೂಡ್ಸ್ ಗಾಡಿಗೆ ಪ್ರಯಾಣಿಕರು ನೋಡುವಂಥ ವೇಳಾಪಟ್ಟಿ ಇಲ್ಲ. ಆದ್ದರಿಂದ ಗಾಡಿಯನ್ನು ಬೆನ್ನಟ್ಟಿ ಹೋಗುವ ಬದಲು ಜಾಗವನ್ನು ಆರಿಸಿಕೊಂಡು ಕಾಯುವುದೇ ಲೇಸು. ನಿಲ್ದಾಣದ ಲೂಪ್ ಲೈನಿನಲ್ಲಿ, ಅಂದರೆ ಮುಖ್ಯ ಹಳಿಯ ಪಕ್ಕದ ಹಳಿಯಲ್ಲಿ, ಗೂಡ್ಸ್ ನಿಂತಿದ್ದರೆ ಅದು ಬಹುಮಟ್ಟಿಗೆ ಪ್ರಯಾಣಿಕರ ಗಾಡಿಯೊಂದಕ್ಕೆ ದಾರಿ ಬಿಟ್ಟಿರುತ್ತದೆ. ಆ ಗಾಡಿ ಮುಂದಿನ ನಿಲ್ದಾಣ ಮುಟ್ಟಿದ ಮೇಲೆ ಇದಕ್ಕೆ ಸಿಗ್ನಲ್ ದೊರೆಯುತ್ತದೆ. ಆ ಹೊತ್ತಿನೊಳಗೆ ನೀವು ಆರಿಸಿದ ಜಾಗಕ್ಕೆ ತಲುಪಬಹುದು. ಅಲ್ಲಿ ಗೇಟು ಬೀಳುವುದೇ ನಿಮಗೆ ಕರೆಗಂಟೆ.

ಬಳ್ಳಾರಿ–ಗುಂತಕಲ್ ಮಾರ್ಗ ಹಗರಿಯನ್ನು ದಾಟುವ ಜಾಗ ನನಗೆ ಬಹಳ ಪ್ರಿಯವಾದದ್ದು. ಬೇಸಿಗೆಯಲ್ಲಿ ನೀರಿಲ್ಲದ ನದಿ ಬರೀ ಮರಳಾಗಿ ಹರಡಿರುತ್ತದೆ. ಮೇಲೆ ತೆರೆದಿರುವ 58 ವ್ಯಾಗನ್ನುಗಳ ಒಂದು ರೇಕು, ಅಂದರೆ ಒಟ್ಟಿಗೆ ಜೋಡಿಸಿದ ಸಾಲು, ಇಂಜಿನ್ ಸೇರಿ ಸುಮಾರು 650 ಮೀಟರ್ ಉದ್ದವಿರುತ್ತದೆ. ಇಂಜಿನ್ನೊಂದನ್ನೇ ತುಂಬಿಕೊಂಡ ಚಿತ್ರದಲ್ಲಿ ಈ ಉದ್ದ ಎಲ್ಲಿಯೂ ಕಾಣದು. ಹಳಿಯಿಂದ ಸಾಕಷ್ಟು ಹಿಂದೆ ಸರಿದು, ಮರಳನ್ನು ಮುಂದಿಟ್ಟುಕೊಂಡು, ಆಕಾಶಕ್ಕೂ ಪಾಲು ಕೊಟ್ಟು, ಗಾಡಿಯನ್ನು ತೆಳುವಾದ ಗೆರೆಯಂತೆ ಹಿಡಿದರೆ ಬಯಲಿನ ಅಗಲ ತಾನಾಗಿಯೇ ಅರಿವಾಗುತ್ತದೆ. ಹಳಿ ತಿರುಗುವ ಕಡೆ ತಿರುವಿನ ಒಳಬದಿಗೆ ನಿಂತರೆ ಇಡೀ ರೇಕು ಬಾಗಿ ಕಾಣುತ್ತದೆ. ಕಂಬವೊಂದು ಇಂಜಿನ್ನಿನ ಮುಖಕ್ಕೆ ಅಡ್ಡ ಬರದಂತೆ, ಗಾಡಿ ಯಾವ ಎರಡು ಕಂಬಗಳ ನಡುವೆ ಬಂದಾಗ ಗುಂಡಿ ಒತ್ತಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಬೆಳಕಿನ ಲೆಕ್ಕವನ್ನು ಇಲ್ಲಿ ಎಚ್ಚರದಿಂದ ಹಾಕಬೇಕು. ಈ ಮಾರ್ಗ ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿದೆ. ಚಳಿಗಾಲದಲ್ಲಿ ಸೂರ್ಯ ದಿನವಿಡೀ ದಕ್ಷಿಣಕ್ಕೆ ವಾಲಿರುವುದರಿಂದ ಹಳಿಯ ದಕ್ಷಿಣ ಬದಿಗೆ ನಿಂತರೆ ಗಾಡಿಯ ಪಕ್ಕಕ್ಕೆ ಬೆಳಕು ಬೀಳುತ್ತದೆ. ಆದರೆ ನಮ್ಮ ಊರುಗಳು 15 ಡಿಗ್ರಿ ಅಕ್ಷಾಂಶದ ಹತ್ತಿರ ಇರುವುದರಿಂದ ಮೇ ತಿಂಗಳ ಮೊದಲ ದಿನಗಳಿಂದ ಆಗಸ್ಟ್ ಎರಡನೆಯ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ಆಗ ಉತ್ತರದ ಬದಿಯೇ ಸರಿ. ನಾನಾದರೂ ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತರ ನಂತರ, ಸಂಜೆ ನಾಲ್ಕರ ಮೊದಲು ಕ್ಯಾಮೆರಾವನ್ನು ಚೀಲದಲ್ಲಿಯೇ ಇಡುತ್ತೇನೆ. ಒಮ್ಮೆ ನಡುಮಧ್ಯಾಹ್ನ ದೂರದ ಲೆನ್ಸಿನಲ್ಲಿ ತೆಗೆದ ಚಿತ್ರಗಳಷ್ಟೂ ನೀರಿನಲ್ಲಿ ಕಂಡಂತೆ ಅಲುಗಿ ಹೋಗಿದ್ದವು. ಫೋಕಸ್ ಸರಿಯಾಗಿಯೇ ಇತ್ತು. ಕಾದ ನೆಲದಿಂದ ಏಳುವ ಬಿಸಿಗಾಳಿ ದೃಶ್ಯವನ್ನೇ ಕಲಕುತ್ತದೆ, ಇದಕ್ಕೆ ಯಾವ ದುಬಾರಿ ಲೆನ್ಸಿನಲ್ಲಿಯೂ ಮದ್ದಿಲ್ಲ. ದೂಳು ಹಾರುವಾಗ ಲೆನ್ಸ್ ಬದಲಿಸಲೂ ಬಾರದು.

ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಪಕ್ಕದಿಂದ ಹತ್ತಿರದಲ್ಲಿ ತೆಗೆಯುವಾಗ ಶಟರ್ ವೇಗ 1/1000 ಸೆಕೆಂಡ್ ಇರಲಿ. ಎದುರಿನಿಂದ ಬರುವಾಗ 1/500 ಸಾಕು. ಇಂಜಿನ್ನಿನ ತಲೆದೀಪ ಕ್ಯಾಮೆರಾದ ಬೆಳಕಿನ ಅಳತೆಯನ್ನು ತಪ್ಪಿಸಿ ಉಳಿದುದನ್ನು ಕಪ್ಪಾಗಿಸುವುದರಿಂದ, ಗಾಡಿ ಬರುವ ಮೊದಲೇ ಖಾಲಿ ಹಳಿ ಮತ್ತು ಮಣ್ಣನ್ನು ನೋಡಿ ಎಕ್ಸ್‌ಪೋಶರನ್ನು (ಒಳಗೆ ಬಿಡುವ ಬೆಳಕನ್ನು) ಕೈಯಾರೆ ನಿಗದಿಪಡಿಸಿ.

ಘಟ್ಟದಲ್ಲಿ ಈ ಲೆಕ್ಕಗಳೆಲ್ಲ ಬದಲಾಗುತ್ತವೆ. ಕ್ಯಾಸಲ್‌ರಾಕ್‌ನಿಂದ ಗೋವೆಯ ಕುಳೆಂವರೆಗಿನ ಇಳಿಜಾರು 37ಕ್ಕೆ 1ರಷ್ಟು ಕಡಿದಾಗಿದೆ. ಮುರಗಾಂವ್ ಬಂದರಿನಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೊರಟ ಕಲ್ಲಿದ್ದಲು ಈ ಏರನ್ನು ಹತ್ತಿಯೇ ಬರಬೇಕಾಗಿರುವುದರಿಂದ ಕುಳೆಂನಲ್ಲಿ ಗಾಡಿಯ ಹಿಂದಕ್ಕೆ ತಳ್ಳುವ ಬ್ಯಾಂಕರ್ ಇಂಜಿನ್ನುಗಳನ್ನು ಜೋಡಿಸುತ್ತಾರೆ. ಭಾರವನ್ನು ತೋರಿಸಬೇಕಾದರೆ ಇಳಿಯುವ ಗಾಡಿಯನ್ನಲ್ಲ, ಏರುವ ಗಾಡಿಯನ್ನೇ ಕಾಯಬೇಕು. 650 ಮೀಟರಿನ ರೇಕೊಂದು ಈ ಏರಿನಲ್ಲಿದ್ದಾಗ ಮುಂದಿನ ತುದಿ ಹಿಂದಿನ ತುದಿಗಿಂತ ಹದಿನೇಳು ಮೀಟರಿಗೂ ಹೆಚ್ಚು ಮೇಲಿರುತ್ತದೆ. ಗಾಡಿಗೆ ಸರಿಯಾಗಿ ಕ್ಯಾಮೆರಾವನ್ನು ಓರೆಮಾಡಿದರೆ ಏರು ಅಳಿಸಿಹೋಗುತ್ತದೆ; ಮರಗಳ ಕಾಂಡವನ್ನು ನೋಡಿಕೊಂಡು ಚೌಕಟ್ಟನ್ನು ಮಟ್ಟವಾಗಿ ಹಿಡಿಯಿರಿ. ಕಾಡಿನಲ್ಲಿ ಬೆಳಕು ಕಡಿಮೆ, ಆದರೆ ಏರುವ ಗಾಡಿಯ ವೇಗವೂ ಕಡಿಮೆಯಾದ್ದರಿಂದ 1/250 ಸಾಕಾಗುತ್ತದೆ.

ಇಲ್ಲಿ ಹಳಿಯ ಮೇಲೆ ನಡೆದು ದೂಧಸಾಗರ ಜಲಪಾತಕ್ಕೆ ಹೋಗುವುದು ನಿಷಿದ್ಧ, ಅಪಾಯಕರ ಕೂಡ. ಮಳೆಗಾಲ ಕಳೆದ ಮೇಲೆ ಕುಳೆಂನಿಂದ ಜೀಪಿನಲ್ಲಿ ಜಲಪಾತದ ಬುಡಕ್ಕೆ ಹೋದರೆ 310 ಮೀಟರ್ ಎತ್ತರದ ನೀರಿನ ನಡುವೆ ಹಾದ ರೈಲು ಸೇತುವೆ ಪೂರ್ತಿಯಾಗಿ ಕಾಣುತ್ತದೆ. ಮಳೆಗಾಲದಲ್ಲಿ ಪ್ರಯಾಣಿಕರ ಗಾಡಿಯ ಕಿಟಕಿಯೇ ಆಸರೆ: ಘಟ್ಟದ ನಿಲ್ದಾಣಗಳಲ್ಲಿ ನಿಮ್ಮ ಗಾಡಿ ಎದುರಿನ ಗೂಡ್ಸಿಗಾಗಿ ನಿಂತಾಗ, ಸರಳುಗಳ ಒಳಗಿನಿಂದಲೇ, ಕ್ಯಾಮೆರಾದ ಪಟ್ಟಿಯನ್ನು ಕೈಗೆ ಸುತ್ತಿಕೊಂಡು ತೆಗೆಯಿರಿ. ಎಸಿ ಬೋಗಿಯಿಂದ ಇಳಿದ ಕೂಡಲೇ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಅರ್ಧ ಗಂಟೆ ಚೀಲದಲ್ಲಿಯೇ ಬಿಟ್ಟು ಹೊರಗಿನ ಹವೆಗೆ ಹೊಂದಿಸಿ.

ಮುಂದಿನ ಇಂಜಿನ್ ದಾಟಿದೊಡನೆ ಕ್ಯಾಮೆರಾ ಇಳಿಸಬೇಡಿ. ವ್ಯಾಗನ್ನುಗಳು ಒಂದೊಂದಾಗಿ ಸಾಗುತ್ತಿರುವಾಗಲೇ ಕೆಳಗಿನ ತಿರುವಿನಿಂದ ಬ್ಯಾಂಕರುಗಳ ಸದ್ದು ಏರುತ್ತ ಬರುತ್ತದೆ, ಕೊನೆಗೆ ಅವು ಇಡೀ ರೇಕನ್ನು ತಳ್ಳುತ್ತ ಎದುರಿಗೆ ಬಂದಾಗ ನಿಮ್ಮ ಬೆರಳು ಗುಂಡಿಯ ಮೇಲಿರಲಿ.